ಮೂರು ವರ್ಷ ಫಿಕ್ಸೆಡ್, ಆಮೇಲೆ ಫ್ಲೋಟಿಂಗ್: ಈ ಗೃಹಸಾಲ ಯಾರಿಗೆ?

ಪೂರ್ತಿ 20 ವರ್ಷಕ್ಕೆ ಒಂದೇ ಬಡ್ಡಿಯ ಗೃಹಸಾಲ ನಮ್ಮಲ್ಲಿ ಅಪರೂಪ, ಸಿಕ್ಕರೂ ದುಬಾರಿ. ಬ್ಯಾಂಕಿನಲ್ಲಿ ‘ಫಿಕ್ಸೆಡ್’ ಎಂದು ಮುಂದಿಡುವುದು ಹೆಚ್ಚಾಗಿ ಹೈಬ್ರಿಡ್ ಸಾಲವನ್ನೇ: ಮೊದಲ 2, 3 ಅಥವಾ 5 ವರ್ಷ ಬಡ್ಡಿ ಕದಲುವುದಿಲ್ಲ, ನಂತರ ಫ್ಲೋಟಿಂಗ್, ಅಂದರೆ ಆಗಾಗ ಏರಿಳಿಯುವ ಬಡ್ಡಿ.

ಮೂರು ವರ್ಷದ್ದನ್ನೇ ತೂಗಿ ನೋಡೋಣ. ಸಾಲ 50 ಲಕ್ಷ, ಅವಧಿ 20 ವರ್ಷ. ಫ್ಲೋಟಿಂಗ್ ಶೇ 8 ಇದ್ದರೆ ಕಂತು ₹41,822. ಫಿಕ್ಸೆಡ್ ಶೇ 9.5 ಇದ್ದರೆ ₹46,607. ಈ ₹46,607ನ್ನೇ ಫ್ಲೋಟಿಂಗ್ ಸಾಲಕ್ಕೆ ಕಟ್ಟುತ್ತಾ ಹೋದರೆ, ದರ ಬದಲಾಗದಿದ್ದಲ್ಲಿ ಮೂರು ವರ್ಷದ ಕೊನೆಗೆ ಅಸಲು ಫಿಕ್ಸೆಡ್‌ಗಿಂತ ಸುಮಾರು ₹2.47 ಲಕ್ಷ ಕಡಿಮೆ ಉಳಿದಿರುತ್ತದೆ. ನೆಮ್ಮದಿಗೆ ತೆರುವ ಬೆಲೆ ಅದು. ಫಿಕ್ಸೆಡ್ ಗೆಲ್ಲಬೇಕಾದರೆ ಫ್ಲೋಟಿಂಗ್ ದರದ ಮೂರು ವರ್ಷದ ಸರಾಸರಿ ಶೇ 9.5 ದಾಟಬೇಕು. ದರ ನಿಧಾನವಾಗಿ ಏರುತ್ತಾ ಹೋದರೆ ಕೊನೆಯ ಹೊತ್ತಿಗೆ ಶೇ 11ರ ಆಸುಪಾಸಿಗೆ ಬಂದಿರಬೇಕು.

ಹಾಗೆ ಆಗಿದ್ದೂ ಉಂಟು. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೊ (ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಶೇ 4ರಿಂದ 6.5ಕ್ಕೆ ಜಿಗಿಯಿತು, 2025ರ ಫೆಬ್ರವರಿಯವರೆಗೂ ಅಲ್ಲೇ ಕೂತಿತು. ಶೇ 6.7ಕ್ಕೆ 50 ಲಕ್ಷ ಪಡೆದವರ ಕಂತು ಸುಮಾರು ₹37,870 ಇತ್ತು. ಬಡ್ಡಿ ಶೇ 9.2 ಆದಾಗ 50 ಲಕ್ಷದ ಮೇಲೆ ತಿಂಗಳ ಬಡ್ಡಿಯೇ ₹38,333! ಕಂತು ಏರಿಸದೆ ಅವಧಿ ಹಿಗ್ಗಿಸುತ್ತಾ ಹೋದ ಸಾಲಗಳಲ್ಲಿ ಅಸಲು ಕರಗುವುದೇ ನಿಂತಿತು. ಏರಿಕೆಗೆ ಮುಂಚೆ, ಒಂದೂವರೆ ಶೇಕಡಾ ಹೆಚ್ಚು ಕೊಟ್ಟಾದರೂ ಮೂರು ವರ್ಷಕ್ಕೆ ಫಿಕ್ಸ್ ಮಾಡಿದ್ದರೆ ಲಾಭವೇ ಆಗುತ್ತಿತ್ತು. ಆದರೆ ಜನ ಫಿಕ್ಸೆಡ್ ಕೇಳಿಕೊಂಡು ಬರುವುದು ಬಡ್ಡಿ ಏರಿ ಕೈ ಸುಟ್ಟ ಮೇಲೆ. ಆಗ ಕೊಂಡರೆ ಮುಂದಿನ ಇಳಿಕೆ ಕೈತಪ್ಪುತ್ತದೆ: 2025ರ ಡಿಸೆಂಬರ್‌ ಹೊತ್ತಿಗೆ ರೆಪೊ 5.25ಕ್ಕೆ ಬಂದಿತ್ತು.

ಈ ಲೆಕ್ಕದಲ್ಲಿ ನಮ್ಮ ತೀರ್ಪು: ಫಿಕ್ಸೆಡ್‌ಗೂ ಫ್ಲೋಟಿಂಗ್‌ಗೂ ವ್ಯತ್ಯಾಸ ಮುಕ್ಕಾಲು ಶೇಕಡಾದೊಳಗಿದ್ದು ರೆಪೊ ಕೆಳಮಟ್ಟದಲ್ಲಿದ್ದರೆ ಮೂರು ವರ್ಷ ಒಪ್ಪಬಹುದು. ಎರಡು ವರ್ಷ ಬೇಡ, ಏರಿಕೆ ಶುರುವಾಗುವಷ್ಟರಲ್ಲಿ ಅವಧಿಯೇ ಮುಗಿದಿರುತ್ತದೆ. ಐದು ವರ್ಷ, ಕಂತು ಸಾವಿರ ರೂಪಾಯಿ ಏರಿದರೂ ಮನೆ ಖರ್ಚು ತೂಗದವರಿಗೆ ಮಾತ್ರ. ಬೋನಸ್ ಬಂದಾಗ, ಸೈಟು ಮಾರಿದಾಗ ಅಸಲಿಗೆ ಇಳಿಸುವ ಯೋಚನೆಯಿದ್ದರೆ ಫ್ಲೋಟಿಂಗೇ ಸರಿ. ಮನೆಗಾಗಿ ವ್ಯಕ್ತಿಗಳು ಪಡೆದ ಫ್ಲೋಟಿಂಗ್ ಸಾಲಕ್ಕೆ ಅವಧಿಪೂರ್ವ ಪಾವತಿ ಶುಲ್ಕ ಹಾಕುವಂತಿಲ್ಲ. ಹೈಬ್ರಿಡ್‌ನಲ್ಲಿ ಹಣ ಕಟ್ಟುವ ದಿನ ಸಾಲ ಯಾವ ದರದಲ್ಲಿದೆ ಎಂಬುದೇ ಮುಖ್ಯ. ಫಿಕ್ಸೆಡ್ ಅವಧಿಯೊಳಗೆ ಶೇ 2 ಶುಲ್ಕವೆಂದು ಕರಾರಿನಲ್ಲಿದ್ದರೆ 40 ಲಕ್ಷ ತೀರಿಸುವಾಗ ₹80,000, ಮೇಲೆ ಶೇ 18 ಜಿಎಸ್‌ಟಿ.

ನಿಜವಾದ ಕೊಕ್ಕೆ ಇರುವುದು ನಾಲ್ಕನೇ ವರ್ಷದಲ್ಲಿ. ಬ್ಯಾಂಕಾದರೆ ಫ್ಲೋಟಿಂಗ್ ದರ ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಿರಬೇಕು, ಕನಿಷ್ಠ ಮೂರು ತಿಂಗಳಿಗೊಮ್ಮೆ ಪರಿಷ್ಕರಣೆಯಾಗಬೇಕು. 2019ರ ಅಕ್ಟೋಬರ್‌ನಿಂದ ಇದು ಕಡ್ಡಾಯ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ಕಟ್ಟುಪಾಡಿಲ್ಲ. ಅವು ತಮ್ಮದೇ ಪಿಎಲ್‌ಆರ್ (ತಾವೇ ಗೊತ್ತುಮಾಡುವ ಮೂಲ ದರ) ಹಿಡಿಯುತ್ತವೆ, ಇಳಿಸುವಾಗ ಅವಸರ ಮಾಡುವುದಿಲ್ಲ. ಆದ್ದರಿಂದ ಸಹಿಗೆ ಮುನ್ನ ನಾಲ್ಕನೇ ವರ್ಷದ ದರ ಯಾವುದಕ್ಕೆ ಜೋಡಣೆ, ಅದರ ಮೇಲೆ ಸ್ಪ್ರೆಡ್ (ಬ್ಯಾಂಕ್ ಸೇರಿಸುವ ಹೆಚ್ಚುವರಿ ದರ) ಎಷ್ಟು ಎಂದು ಕೇಳಿ, ಸಾಲ ಮಂಜೂರಾತಿಯ ಸ್ಯಾಂಕ್ಷನ್ ಲೆಟರ್‌ನಲ್ಲಿ ಅಂಕಿಯಲ್ಲೇ ಬರೆಸಿಕೊಳ್ಳಿ. ‘ಆಗಿನ ದರದಂತೆ’ ಎಂದಷ್ಟೇ ಇದ್ದರೆ ಸಾಲದು. ಫಿಕ್ಸೆಡ್ ಅವಧಿಯಲ್ಲೂ ದರ ಬದಲಿಸುವ ಹಕ್ಕು ಕಾಯ್ದಿರಿಸಿಕೊಂಡ ಷರತ್ತು ಕಂಡರೆ ಆ ಸಾಲವನ್ನು ಫಿಕ್ಸೆಡ್ ಎಂದು ಲೆಕ್ಕಕ್ಕೇ ಹಿಡಿಯಬೇಡಿ.

ಕಟ್ಟುತ್ತಿರುವ ಫ್ಲ್ಯಾಟಿಗಾದರೆ ಇನ್ನೊಂದು ಪ್ರಶ್ನೆ: ಮೂರು ವರ್ಷದ ಎಣಿಕೆ ಯಾವ ದಿನದಿಂದ? ಸಾಲದ ಹಣದ ಮೊದಲ ಬಿಡುಗಡೆಯಿಂದ ಎಂದಾದರೆ, ಅರ್ಧ ಹಣ ಬಿಡುಗಡೆಯಾಗುವಷ್ಟರಲ್ಲಿ ಅರ್ಧ ಅವಧಿ ಕಳೆದಿರುತ್ತದೆ.

ಈಗಾಗಲೇ ಫ್ಲೋಟಿಂಗ್‌ನಲ್ಲಿದ್ದವರು, ₹46,607 ಕಟ್ಟುವ ಶಕ್ತಿಯಿದ್ದರೆ, ಕಂತನ್ನು ಅಷ್ಟಕ್ಕೇ ಏರಿಸುವಂತೆ ಶಾಖೆಗೆ ಅರ್ಜಿ ಕೊಡಿ. ಶೇ 8ರಲ್ಲೇ ನಿಂತರೆ 240 ತಿಂಗಳ ಸಾಲ 189 ತಿಂಗಳಿಗೆ ಮುಗಿಯುತ್ತದೆ.