ಗಿರಣಿ ಮೇಲಿನ ಸೋಲಾರ್, ಎಂಟು ತಿಂಗಳಾದ್ಮೇಲೆ (5ಕ್ಕೆ ಮೂರೂವರೆ)

ಶಿವಮೊಗ್ಗ ಜಿಲ್ಲೆ ಸಾಗರದ ಹತ್ರ ನಮ್ದೊಂದು ಹಿಟ್ಟಿನ ಗಿರಣಿ. ಫೆಬ್ರವರೀಲಿ ಶೀಟಿನ ಮೇಲೆ 10 ಕಿಲೋವ್ಯಾಟ್ ಸೋಲಾರ್ ಹಾಕ್ಸಿದ್ವಿ, ಆನ್-ಗ್ರಿಡ್ಡು, ಅಂದ್ರೆ ಸರ್ಕಾರಿ ಕರೆಂಟ್ ಲೈನಿಗೇ ಸೇರ್ಸಿರೋದು, ಬ್ಯಾಟರಿ ಇಲ್ಲ. ಮನೆಗಾದ್ರೆ ಪಿಎಂ ಸೂರ್ಯಘರ್‌ದು 78,000 ವರೆಗೆ ಸಬ್ಸಿಡಿ ಇದೆ, ಗಿರಣಿಗೆ ಅದೂ ಇಲ್ಲ. ಫಿಟ್ಟಿಂಗ್ ಮಾತ್ರ ಚೊಕ್ಕ ಮಾಡಿದಾರೆ, ಇಷ್ಟು ಮಳೆಗೂ ಒಂದು ಮೊಳೆ ಹತ್ರನೂ ಸೋರ್ಲಿಲ್ಲ.

ಬೇಸಿಗೇಲಿ ದಿನಕ್ಕೆ 40 ಯೂನಿಟ್ ಆರಾಮಾಗಿ ಬರ್ತಿತ್ತು. ಜುಲೈಲಿ ಮಳೆ ಹಿಡೀತು ನೋಡಿ, ಹತ್ತು ಬಂದ್ರೆ ಪುಣ್ಯ. ಅದ್ರ ಮೇಲೆ ನಮ್ ಎಕ್ಸಾಸ್ಟ್ ಫ್ಯಾನ್ ಬಾಯಿ ಪ್ಯಾನೆಲ್ ಕಡೆಗೇ ಇದೆ, ಹಾರಿದ ಅಕ್ಕಿಹಿಟ್ಟಿಗೆ ಜಿಟಿಜಿಟಿ ಮಳೆ ಸೇರ್ಕೊಂಡು ಕೆಳಗಿನ ಸಾಲಿನ ಮೇಲೆ ನೀರ್ದೋಸೆ ಹೊಯ್ದಂಗೆ ಕೂತಿತ್ತು, ಅಂಚಲ್ಲಿ ಪಾಚಿ ಬೇರೆ.

ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಕರೆಂಟ್ ಹೋದ್ರೆ ಇದೂ ನಿಲ್ಲುತ್ತೆ ಅಂತ ಮಾರೋವಾಗ ಯಾರೂ ಹೇಳ್ಲಿಲ್ಲ. ಲೈನಲ್ಲಿ ಕೆಲ್ಸ ಮಾಡೋರಿಗೆ ಶಾಕ್ ಹೊಡೀಬಾರ್ದು ಅಂತ ಇನ್ವರ್ಟರ್ ತಾನೇ ಆಫ್ ಆಗುತ್ತೆ, ಸರಿನೇ, ಆದ್ರೆ ಗಾಳಿಮಳೆಗೆ ಮರ ಬಿದ್ದು ಎರಡು ದಿನ ಕರೆಂಟ್ ಇಲ್ದಾಗ ಮತ್ತೆ ಜನರೇಟರೇ ಗತಿ. ಲೀಟರ್ ಡೀಸೆಲ್‌ಗೆ ಸುಮಾರು 2.7 ಕೆಜಿ ಕಾರ್ಬನ್ ಡೈಆಕ್ಸೈಡ್, ನಂ ಹಳೇ ಜನರೇಟರ್ ಅಷ್ಟಕ್ಕೆ ಕೊಡೋದು ಮೂರು ಯೂನಿಟ್ಟು.

ಇನ್ನು ಸೋಲಾರ್ ಲೆಕ್ಕ ತೋರ್ಸೋ ಮೊಬೈಲ್ ಆಪ್ ವಿಷ್ಯ. ಇಲ್ಲೀವರೆಗೆ 6,500 ಯೂನಿಟ್ ಆಗಿದೆ, ಆಪಲ್ಲಿ 6.4 ಟನ್ ಕಾರ್ಬನ್ ಉಳಿಸಿದೀರಿ ಅಂತ ಹಸಿರು ಮರದ ಚಿತ್ರ ಬರುತ್ತೆ. ಅಂದ್ರೆ ಯೂನಿಟ್ಟಿಗೆ ಹತ್ತಿರ ಹತ್ತಿರ ಒಂದು ಕೆಜಿ ಹಿಡ್ದಿದಾರೆ. ನಮ್ ದೇಶದ ಗ್ರಿಡ್ ಸರಾಸರಿ 0.7 ಕೆಜಿ ಆಸುಪಾಸು, ಆ ಲೆಕ್ಕಕ್ಕೆ ನಾಲ್ಕೂವರೆ ಟನ್ನು. ನಮ್ ಭಾವ ಕೇಳಿದ್ರು, ಇಲ್ಲಿಂದ ಜೋಗ ಎಷ್ಟು ದೂರ ಮಾರಾಯ, ನೀರಿನ ಕರೆಂಟಿಗೆ ಎಲ್ಲಿಂದ ಬಂತು ಹೊಗೆ ಅಂತ. ಶರಾವತಿ ವಿದ್ಯುದಾಗಾರದ 1,035 ಮೆಗಾವ್ಯಾಟ್ ನಮ್ಮೂರಿಗೆ ಅಂತ ಬೇರೆ ತಂತೀಲಿ ಬರಲ್ಲ ಭಾವ, ಗ್ರಿಡ್ಡಿಗೆ ಹೋಗಿ ರಾಯಚೂರು, ಬಳ್ಳಾರಿ ಕಲ್ಲಿದ್ದಲು ಕರೆಂಟಿನ ಜೊತೆ ಬೆರೆಯುತ್ತೆ, ದೇಶದ ಕರೆಂಟಲ್ಲಿ ನೂರಕ್ಕೆ ಎಪ್ಪತ್ತರ ಮೇಲೆ ಕಲ್ಲಿದ್ದಲಿಂದೇ ಅಂದೆ.

ಆಪಲ್ಲಿ ಕಾಣದೇ ಇರೋದು ಇನ್ನೊಂದಿದೆ. ಮೊದ್ಲು ತಿಂಗ್ಳಿಗೆ 700 ಯೂನಿಟ್ ಸಾಕಿತ್ತು. ಸೋಲಾರ್ ಬಂತು, ಬಿಲ್ ಇಳೀತು ಅನ್ನೋ ಧೈರ್ಯದಲ್ಲಿ ಖಾರದಪುಡಿ ಮಷಿನ್ನು, ಕೊಬ್ಬರಿ ಎಣ್ಣೆ ತೆಗಿಯೋ ಮಷಿನ್ನು ಎರಡೂ ತಂದೆ, ಈಗ 1,200. ಬೇಸಿಗೇಲಿ ಅದಷ್ಟೂ ಬಿಸಿಲಿಂದೇ ಹೋಗ್ತಿತ್ತು. ಜುಲೈಲಿ ಗ್ರಿಡ್ಡಿಂದ ಎಳ್ದಿದ್ದು 900, ಸೋಲಾರ್ ಇಲ್ದಿದ್ದಾಗಿಗಿಂತ ಜಾಸ್ತಿ! ವ್ಯಾಪಾರ ಬೆಳೀತು, ಒಂದು ಕೆಜಿ ಹಿಟ್ಟಿನ ಲೆಕ್ಕಕ್ಕೆ ಹೊಗೆ ಕಡ್ಮೆ ಆಯ್ತು, ಆದ್ರೆ ಆ ತಿಂಗ್ಳಿನ ಒಟ್ಟು ಹೊಗೆ ಏರಿತು. ಹಸಿರು ಮರ ಮಾತ್ರ ಅವತ್ತೂ ಬಂತು.

ಹಾಕ್ಸೋದಾದ್ರೆ ಹಾಕ್ಸಿ, ದುಡ್ಡಿನ ಲೆಕ್ಕಕ್ಕೆ ನಷ್ಟ ಇಲ್ಲ. ಗಿರಣಿಯೋರು ಮೊದ್ಲು ಫ್ಯಾನ್ ಬಾಯಿ ತಿರುಗಿಸ್ಕೊಳ್ಳಿ.