ಅರಬ್ಬಿ ಬಲ್ಲವರಿಗೆ ಇಂಗ್ಲಿಷ್ ಓದು: ಪದಕಾರ್ಡೋ, ಸ್ವರದ ಚೌಕಟ್ಟೋ, ಆ್ಯಪೋ?

ಹಾಸನದಲ್ಲಿ ಅರಬ್ಬಿ ಮಾತೃಭಾಷೆಯ ವಯಸ್ಕರಿಗೆ ಇಂಗ್ಲಿಷ್ ಹೇಳಿಕೊಡಲು ನಾವು ಮೂರು ದಾರಿ ಹಿಡಿದು ನೋಡಿದ್ದೇವೆ. ಇವರು ತಮ್ಮ ಭಾಷೆಯಲ್ಲಿ ಚೆನ್ನಾಗಿ ಓದುಬರಹ ಬಲ್ಲವರು. ತೊಡಕು ಹುಟ್ಟುವುದೂ ಅಲ್ಲೇ.

ಮೊದಲನೆಯದು ಪದಕಾರ್ಡ್. ದಿನಕ್ಕೆ 10 ಕಾರ್ಡ್, ಒಂದು ಬದಿ ಚಿತ್ರ, ಇನ್ನೊಂದು ಬದಿ ಪದ. ಮೊದಲ ವಾರ ಸರಾಗ. 50 ದಾಟುತ್ತಿದ್ದಂತೆ ಬಿಟರ್, ಬೆಟರ್, ಬಟರ್ ಮೂರೂ ಒಂದೇ ಆಗಿಬಿಡುತ್ತವೆ. ಇದು ಮರೆವಲ್ಲ. ಅರಬ್ಬಿಯ 28 ಅಕ್ಷರಗಳು ಮುಖ್ಯವಾಗಿ ವ್ಯಂಜನಗಳು. ಹ್ರಸ್ವ ಸ್ವರದ ಗುರುತುಗಳನ್ನು ಕುರಾನ್, ಮಕ್ಕಳ ಪಠ್ಯದಂಥವು ಬಿಟ್ಟರೆ ದಿನಬಳಕೆಯಲ್ಲಿ ಬರೆಯುವುದಿಲ್ಲ. ನಮ್ಮ ಕಾಗುಣಿತ ಅಳಿಸಿ ಕಡಿ, ಕುಡಿ, ಕೆಡು ಮೂರನ್ನೂ ‘ಕಡ’ ಎಂದೇ ಬರೆದ ಹಾಗೆ. ಅದಕ್ಕೆ ಪಳಗಿದ ಕಣ್ಣು ಇಂಗ್ಲಿಷಿನಲ್ಲೂ ಸ್ವರಾಕ್ಷರ ಹಾರಿಸಿ ವ್ಯಂಜನ ಹಿಡಿಯುತ್ತದೆ.

ಹಾಗಾಗಿ ನಮ್ಮ ಆಯ್ಕೆ ಎರಡನೆಯದು: ಸ್ವರದ ಚೌಕಟ್ಟು. ಬಿ ಮತ್ತು ಟಿ ಅಕ್ಷರಗಳ ನಡುವೆ ಜಾಗ ಬಿಟ್ಟು, ಅಲ್ಲಿ ಕೆಂಪು ಶಾಯಿಯಲ್ಲಿ ಒಂದೊಂದೇ ಸ್ವರ: ಬಿಟ್, ಬೆಟ್, ಬ್ಯಾಟ್, ಬಟ್. ದಿನಕ್ಕೆ 15 ನಿಮಿಷ, ಎರಡು ವಾರ. ಓದಿಸುವುದಕ್ಕಿಂತ ಉಕ್ತಲೇಖನ ಹೆಚ್ಚು ಮಾಡಿಸಿ; ಬರೆಯುವಾಗ ಸ್ವರ ಹಾರಿಸಿದರೆ ಕೂಡಲೇ ಕಾಣುತ್ತದೆ. ಸಾಲಿನ ಎಡತುದಿಗೆ ಹಸಿರು ಚುಕ್ಕೆ ಇಡಿ, ಇಲ್ಲದಿದ್ದರೆ ಅರಬ್ಬಿಯಂತೆ ಬಲದಿಂದ ಎಡಕ್ಕೆ ಹೊರಟ ಕಣ್ಣು ‘ಟಾಪ್’ ಅನ್ನು ‘ಪಾಟ್’ ಮಾಡುತ್ತದೆ.

ಇಲ್ಲಿ ಕನ್ನಡಿಗ ಮೇಷ್ಟ್ರು ತಮ್ಮ ಬಾಯನ್ನೂ ತಿದ್ದಿಕೊಳ್ಳಬೇಕು. ಪ್ರಮಾಣಿತ ಅರಬ್ಬಿಯಲ್ಲಿ ‘ಪ’ ಇಲ್ಲ. ನಮ್ಮ ಅಲ್ಪಪ್ರಾಣ ‘ಪ’ ಕೇಳಿದರೆ ಅವರಿಗೆ ಅದು ‘ಬ’ ಎಂದೇ ಕೇಳಿಸಬಹುದು. ಪದದ ಮೊದಲಿಗೆ ಮಹಾಪ್ರಾಣದಂತೆ ಉಸಿರು ಬಿಟ್ಟು ‘ಪೆನ್’ ಅನ್ನಿ. ಬಾಯೆದುರು ಹಿಡಿದ ತೆಳು ಕಾಗದ ಅಲುಗಬೇಕು. ‘ಬೆನ್’ ಅಂದಾಗ ಅಷ್ಟು ಅಲುಗಬಾರದು. ಅಭ್ಯಾಸಕ್ಕೆ ಬಿ.ಎಂ. ರಸ್ತೆಯ ಬೇಕರಿ ಹಲಗೆಗಿಂತ ಒಳ್ಳೆ ಪಾಠ ಬೇಡ: ಪಫ್, ಬನ್, ಪೇಸ್ಟ್ರಿ, ಬಟರ್ ಬಿಸ್ಕೆಟ್. ಅಯ್ಯಂಗಾರ್ ಬೇಕರಿಗಳ ತವರಿನಲ್ಲಿ ಇದಕ್ಕೆ ಬರವಿಲ್ಲ. ‘ವ್ಯಾನ್’ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಲಿ. ನಮ್ಮ ಸಡಿಲ ‘ವ’ ಅವರಿಗೆ ಅವರದೇ ‘ವಾವ್’ ಅಕ್ಷರದಂತೆ ಕೇಳಿ, ಡಬ್ಲ್ಯೂ ಬರೆಯುತ್ತಾರೆ. ನಾವು ‘ಇಸ್ಕೂಲು’ ಅನ್ನುವಂತೆ ಅವರೂ ಒತ್ತಕ್ಷರದ ಮುಂದೆ ಅಥವಾ ನಡುವೆ ಸ್ವರ ಸೇರಿಸುತ್ತಾರೆ. ‘ಸ್ಸ್ಸ್’ ಎಂದು ಎಳೆದು, ನಿಲ್ಲಿಸದೆ ‘ಕೂಲ್’ಗೆ ಹೋಗಿಸಿ.

ಮೂರನೆಯದು ಅನುವಾದದ ಆ್ಯಪ್. ಒಂಟಿ ಪದದ ಅರ್ಥಕ್ಕೆ ಸಾಕು, ಪಾಠಕ್ಕೆ ಸಾಲದು. ಅದು ಸಾಮಾನ್ಯವಾಗಿ ಕೊಡುವುದು ಬರಹದ ಅರಬ್ಬಿ, ಮನೆಮಾತು ಬೇರೆ. ಸಿದ್ಧ ವಾಕ್ಯ ಕೈಗೆ ಸಿಕ್ಕರೆ ‘ಐ ಸ್ಟೂಡೆಂಟ್’ ಎಂಬ ತಪ್ಪು ತಿದ್ದಿಕೊಳ್ಳುವ ಅವಕಾಶವೇ ತಪ್ಪುತ್ತದೆ. ಅರಬ್ಬಿಯ ವರ್ತಮಾನದಲ್ಲಿ ‘ಆ್ಯಮ್’, ‘ಈಸ್’ಗೆ ಸಮನಾದ ಪದವಿಲ್ಲ, ‘ನಾನು ವಿದ್ಯಾರ್ಥಿ’ ಅನ್ನುವ ನಮಗೂ ಇಲ್ಲ. ಆದ್ದರಿಂದ ಈ ತಪ್ಪು ನಮಗೆ ಬೇಗ ಅರ್ಥವಾಗುತ್ತದೆ.

ಪದಕಾರ್ಡನ್ನು ಪೂರ್ತಿ ಬಿಡಬೇಡಿ. ‘ಎಕ್ಸಿಟ್’, ‘ಡೇಂಜರ್’, ಔಷಧಿ ಚೀಟಿಯ ಪದಗಳು ಎರಡು ವಾರ ಕಾಯಲಾರವು. ಅಂಥ 20 ಮೊದಲ ದಿನವೇ ಕೊಡಿ. ಬೆಲೆಯನ್ನೂ ಗಮನಿಸಿ: ಅರಬ್ ದೇಶಗಳಲ್ಲಿ ಹಲವೆಡೆ ಬಳಸುವ ಅಂಕಿಗಳಲ್ಲಿ ಐದು ನಮ್ಮ 0 ಥರ, ಆರು 7ರ ಥರ ಕಾಣುತ್ತದೆ. ಮಾತ್ರೆಯ ಲೆಕ್ಕವನ್ನು ಬಾಯಲ್ಲೂ ಹೇಳಿಸಿ.