ಮರ ಕೊಯ್ಯುವ ಮಿಷನ್: ದುಡ್ಡು ಹಾಕುವ ಮುಂಚೆ ಅರ ಹಿಡಿಯೋದು ಕಲೀರಿ

ಮೊದಲೇ ಹೇಳಿಬಿಡುತ್ತೇನೆ, ಸಿ.ಸಿ. ಎಷ್ಟು, ತೂಕ ಎಷ್ಟು, ಟ್ಯಾಂಕಿಗೆ ಎಷ್ಟು ಹಿಡಿಸುತ್ತದೆ ಅನ್ನೋದೆಲ್ಲ ಇಲ್ಲಿ ಬರೆಯುವುದಿಲ್ಲ. ಅದೆಲ್ಲ ಡಬ್ಬಿಯ ಮೇಲೇ ಇರುತ್ತದೆ, ನೀವೂ ನೋಡಿರುತ್ತೀರಿ. ನನ್ನದು 18 ಇಂಚಿನ ಬಾರ್ (ಚೈನು ಸುತ್ತುವ ಉದ್ದನೆ ಪಟ್ಟಿ) ಇರುವ ಪೆಟ್ರೋಲ್ ಚೈನ್ ಸಾ ಮಿಷನ್. ಒಳ್ಳೆ ಕಂಪನಿಯದು, ಹೆಸರು ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ. ಆನ್‌ಲೈನಿನಲ್ಲಿ ಸಿಗುವ ಅಗ್ಗದ ಮಿಷನಿಗಿಂತ ಮೂರ್ನಾಲ್ಕು ಪಟ್ಟು ಜಾಸ್ತಿ ಕೊಟ್ಟು ತಂದೆ. ಆ ವರ್ಷ ಅಡಿಕೆಗೆ ಒಳ್ಳೆ ರೇಟ್ ಇತ್ತು. ಇಲ್ಲದಿದ್ದರೆ ನಾನೂ ಅಗ್ಗದ್ದನ್ನೇ ತರುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ನಮ್ಮದು ತೀರ್ಥಹಳ್ಳಿ ಕಡೆ. ಸೌದೆ ಎರಡು ಕಡೆ ಬೇಕು. ಬಚ್ಚಲ ಹಂಡೆಗೆ ವರ್ಷವಿಡೀ, ಅಡಿಕೆ ಬೇಯಿಸುವ ಒಲೆಗೆ ಕೊಯ್ಲಿನ ಕಾಲದಲ್ಲಿ. ಸೋಲಾರ್ ಹಾಕಿಸಿದ್ದೇವೆ ನಿಜ, ಆದರೆ ಜೂನ್ ಬಂತು ಅಂದರೆ ಅದು ಸುಮ್ನೆ ಮಾಡಿನ ಮೇಲೆ ಕೂತಿರುತ್ತದೆ, ಬಿಸಿನೀರು ಬೇಕಾದರೆ ಬಚ್ಚಲೊಲೆಗೇ ಬೆಂಕಿ ಹಾಕಬೇಕು. ಹಾಗಾಗಿ ಮೇ ಮುಗಿಯುವುದರೊಳಗೆ ಸೌದೆ ಕೊಟ್ಟಿಗೆ ತುಂಬಿರಲೇಬೇಕು. ಮೊದಲು ಬಾಡಿಗೆ ಮಿಷನಿನವರನ್ನು ಕರೆಸುತ್ತಿದ್ದೆವು. ಏಪ್ರಿಲ್‌ನಲ್ಲಿ ಅವರು ಕೈಗೆ ಸಿಗುವುದೇ ಇಲ್ಲ, ನಾಳೆ ನಾಳೆ ಅಂತಲೇ ಮುಂಗಾರು ಬಂದುಬಿಡುತ್ತಿತ್ತು.

ಮಿಷನಿನ ಬಗ್ಗೆ ಹೇಳಬೇಕಾದ ಒಳ್ಳೆ ಮಾತು ಬೇಗ ಹೇಳಿ ಮುಗಿಸುತ್ತೇನೆ. ತಣ್ಣಗಿದ್ದಾಗ ಚೋಕ್ ಎಳೆದು ಎರಡು ಮೂರು ಸಲ ಹಗ್ಗ ಎಳೆದರೆ ಕೆಮ್ಮುತ್ತದೆ, ಚೋಕ್ ಬಿಟ್ಟು ಇನ್ನೊಮ್ಮೆ ಎಳೆದರೆ ಶುರು. ಬಿಸಿ ಇದ್ದಾಗ ಚೋಕ್ ಮುಟ್ಟಬೇಡಿ, ಪೆಟ್ರೋಲ್ ತುಂಬಿಕೊಂಡು ಪ್ಲಗ್ ಒದ್ದೆಯಾಗುತ್ತದೆ, ಆಮೇಲೆ ಎಳೆದೂ ಎಳೆದೂ ಭುಜ ಬಿದ್ದುಹೋಗುತ್ತದೆ. 18 ಇಂಚಿನ ಬಾರ್ ಯಾಕೆ ಇಷ್ಟ ಅಂದರೆ ಅದು ಸರಿಯಾಗಿ ಒಂದು ಮೊಳ. ನಮ್ಮ ಒಲೆಗಳಿಗೆ ಮೊಳದುದ್ದದ ತುಂಡೇ ಬೇಕು. ದಿಮ್ಮಿಯ ಮೇಲೆ ಬಾರನ್ನೇ ಅಡ್ಡ ಇಟ್ಟು ಗುರುತು ಹಾಕಿಕೊಳ್ಳುತ್ತೇವೆ. ಟೇಪು ಬೇಡ, ಕೋಲು ಬೇಡ.

ಇನ್ನು ನಾನು ಇದನ್ನು ಬರೆಯೋಕೆ ಕೂತಿದ್ದೇ ಬೇರೆ ವಿಷಯಕ್ಕೆ.

ಅಂಗಡಿಯವನು ಮಿಷನ್ ಕೊಡುವಾಗ ಆಯಿಲ್ ಬೆರೆಸೋದು ಹೇಳಿಕೊಟ್ಟ, ಹಗ್ಗ ಎಳೆಯೋದು ಹೇಳಿಕೊಟ್ಟ, ಸರ್ವಿಸ್ ಕಾರ್ಡಿಗೆ ಸೀಲ್ ಹಾಕಿದ. ಚೈನಿನ ಹಲ್ಲು ತಿಕ್ಕಿ ಹರಿತ ಮಾಡುವ ಅರದ ಬಗ್ಗೆ ಒಂದು ಮಾತಿಲ್ಲ. ಹೊಸ ಚೈನ್ ಅಕೇಶಿಯಾ ಮರದೊಳಗೆ ತಾನಾಗಿಯೇ ಇಳಿಯುತ್ತದೆ, ನಾವು ಒತ್ತಲೇ ಬೇಕಿಲ್ಲ, ಕಾಲಿನ ಹತ್ತಿರ ಅವಲಕ್ಕಿಯ ಹಾಗೆ ದಪ್ಪ ದಪ್ಪ ಚಕ್ಕೆ ಬೀಳುತ್ತದೆ. ಆದರೆ ದಿಮ್ಮಿಯ ಕೆಳಗಿನ ಮಣ್ಣಿಗೆ ಒಂದು ಕ್ಷಣ ತಾಗಿದರೆ ಸಾಕು, ಕಥೆ ಮುಗಿಯಿತು. ಚಕ್ಕೆ ಹೋಗಿ ಪುಡಿ ಬರಲು ಶುರುವಾಗುತ್ತದೆ, ನಾವು ಒತ್ತುತ್ತೇವೆ, ಬಾರ್ ಕಾಯುತ್ತದೆ, ಹೊಗೆ ಬರುತ್ತದೆ, ಕೊಯ್ದ ಗೆರೆ ಒಂದು ಕಡೆಗೆ ಸೊಟ್ಟ ಹೋಗುತ್ತದೆ. ಜನ ಅದಕ್ಕೆ ಮಿಷನ್ ಸರಿ ಇಲ್ಲ ಅಂತ ಬೈದು ಅರ್ಧ ರೇಟಿಗೆ ಮಾರುತ್ತಾರೆ. ಆನ್‌ಲೈನಿನಲ್ಲಿ ಒಂದು ಸ್ಟಾರ್ ಕೊಟ್ಟು "ಪವರ್ ಇಲ್ಲ" ಅಂತ ಬರೆಯುವವರಲ್ಲಿ ಮುಕ್ಕಾಲು ಪಾಲು ಮೊಂಡು ಚೈನಿನವರೇ ಅಂತ ನನ್ನ ಗುಮಾನಿ.

ನಮ್ಮಲ್ಲಿ ಯಾರದ್ದಾದರೂ ಮಿಷನ್ ಪುಡಿ ಉಗುಳಿದರೆ "ಏನ್ ಭಾವ, ಹಿಟ್ಟು ಬೀಸ್ತಾ ಇದೀರಾ?" ಅಂತ ಕೂಗುವುದು ವಾಡಿಕೆ. ಹಾಗೆ ಕೂಗಿಸಿಕೊಂಡವರು ಮಿಷನ್ ಆಫ್ ಮಾಡಿ ಜಗಲಿಗೆ ಬರಬೇಕು. ಜಗಲಿಯಲ್ಲಿ ಅಜ್ಜಯ್ಯ ಇರುತ್ತಾರೆ.

ಅಜ್ಜಯ್ಯ ಅಂದರೆ ನಮ್ಮ ಸಂಬಂಧಿಕರೇನಲ್ಲ, ಊರಿಗೇ ಅಜ್ಜಯ್ಯ. ಹಿಂದೆ ಕೈಗರಗಸದ ಕೆಲಸ ಮಾಡಿದವರು. ಗುಂಡಿಯ ಮೇಲೆ ದಿಮ್ಮಿ ಏರಿಸಿ, ಮೇಲೊಬ್ಬ ಕೆಳಗೊಬ್ಬ ನಿಂತು ಹಲಗೆ ಕೊಯ್ಯುತ್ತಿದ್ದ ಕಾಲದವರು. ಮಿಷನನ್ನು ಇವತ್ತಿನವರೆಗೂ ಚಾಲೂ ಮಾಡಿದವರಲ್ಲ, ಆ ಸದ್ದು ಅವರಿಗೆ ಆಗಿಬರುವುದಿಲ್ಲ. ಆದರೆ ಚೈನು ಕೈಗೆ ಕೊಟ್ಟರೆ ಅವರ ಬೆರಳಿಗೆ ಎಲ್ಲವೂ ಗೊತ್ತು.

ಅವರು ಅರ ಹಾಕುವುದನ್ನು ನೋಡಬೇಕು. ಒಂದು ಕುಳ್ಳ ಕೊರಡಿನಲ್ಲಿ ಮೇಲಿನಿಂದ ಸೀಳು ಮಾಡಿಟ್ಟಿದ್ದೇವೆ. ಅದರಲ್ಲಿ ಬಾರನ್ನು ಸಿಕ್ಕಿಸಿದರೆ ಅಲ್ಲಾಡುವುದಿಲ್ಲ. ಎಲೆಯಡಿಕೆ ಸಂಚಿಯಿಂದ ಸುಣ್ಣದ ಡಬ್ಬಿ ತೆಗೆದು ಒಂದು ಹಲ್ಲಿಗೆ ಬೆರಳಲ್ಲಿ ಸುಣ್ಣ ಹಚ್ಚುತ್ತಾರೆ. ಎಲ್ಲಿಂದ ಶುರು ಮಾಡಿದ್ದು ಅಂತ ಗುರುತಿಗೆ. ಹಚ್ಚಿ ಉಳಿದ ಸುಣ್ಣ ಎಲೆಗೆ. ಆಮೇಲೆ ಕವಳ ಬಾಯಿಗೆ, ಅರ ಕೈಗೆ. ಒಳಗಿನಿಂದ ಹೊರಗೆ ಮಾತ್ರ ತಳ್ಳುತ್ತಾರೆ, ವಾಪಸ್ ಎಳೆಯುವಾಗ ಅರ ಹಲ್ಲಿಗೆ ತಾಗಿಸುವುದೇ ಇಲ್ಲ. ಪ್ರತಿ ಹಲ್ಲಿಗೆ ಮೂರು ಸಲ, ಎಲ್ಲಕ್ಕೂ ಅದೇ ಮೂರು. ಒಂದು ಹಲ್ಲು ಜಾಸ್ತಿ ಪೆಟ್ಟು ತಿಂದಿದ್ದರೆ ಅದಕ್ಕೆ ಮಾತ್ರ ಸ್ವಲ್ಪ ಹೆಚ್ಚು. ನನ್ನ ಚೈನಿನಲ್ಲಿ 36 ಹಲ್ಲು, 18 ಎಡಕ್ಕೆ, 18 ಬಲಕ್ಕೆ. ಒಂದು ಮಗ್ಗುಲು ಮುಗಿಸಿ, ಕೊರಡಿನ ಆಚೆ ಬದಿಗೆ ಹೋಗಿ ಕೂತು ಇನ್ನೊಂದು ಮಗ್ಗುಲು. ನಡುನಡುವೆ ಅರವನ್ನು ಕೊರಡಿಗೆ ತಟ್ಟಿ ಕಬ್ಬಿಣದ ಪುಡಿ ಉದುರಿಸುತ್ತಾರೆ. ಕೊನೆಗೆ ಹಲ್ಲನ್ನು ಬಿಸಿಲಿಗೆ ತಿರುಗಿಸಿ ನೋಡುತ್ತಾರೆ. "ಬಾಯಿ ಮಿಂಚಿದ್ರೆ ಮೊಂಡು ಅಂತ ಅರ್ಥ ಮಾರಾಯ. ಹರಿತ ಇದ್ದದ್ದು ಮಿಂಚಲ್ಲ." ಸರಿಯಾದ ಮಾತು. ಮೊಂಡಾದ ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆ ಕಾಣುತ್ತದೆ, ಆ ಗೆರೆ ಹೋಗುವವರೆಗೆ ತಿಕ್ಕಬೇಕು.

ಅರವನ್ನು ಎಷ್ಟು ಓರೆ ಹಿಡಿಯಬೇಕು ಅಂತ ಕೇಳಿದರೆ ಅವರು ಡಿಗ್ರಿ ಹೇಳುವುದಿಲ್ಲ, ಕೈ ತೋರಿಸುತ್ತಾರೆ. ಪುಸ್ತಕದಲ್ಲಿ 30 ಡಿಗ್ರಿ ಅಂತ ಇದೆ, ಹಲ್ಲಿನ ಮೇಲೆ ಕಂಪನಿಯವರೇ ಸಣ್ಣ ಗೆರೆ ಕೊರೆದಿರುತ್ತಾರೆ, ಆ ಗೆರೆಗೆ ಸಮನಾಗಿ ಹೋದರೆ ಸಾಕು. ಪ್ರತಿ ಹಲ್ಲಿನ ಮುಂದೆ ಒಂದು ಗಿಡ್ಡ ಗುಬ್ಬಿ ಇರುತ್ತದಲ್ಲ, ಹಲ್ಲು ಎಷ್ಟು ಆಳ ಕಚ್ಚಬೇಕು ಅಂತ ತೀರ್ಮಾನಿಸುವುದು ಅದು. ಹಲ್ಲು ತಿಕ್ಕಿ ತಿಕ್ಕಿ ಗಿಡ್ಡವಾದಂತೆ ಅದನ್ನೂ ಚಪ್ಪಟೆ ಅರದಲ್ಲಿ ಇಳಿಸಬೇಕು. ನನ್ನ ಚೈನಿಗೆ ಹಲ್ಲಿಗಿಂತ 0.65 ಎಂ.ಎಂ. ತಗ್ಗು. ಇದಕ್ಕೆ ಮಾತ್ರ ಗೇಜ್ ಇಟ್ಟೇ ಮಾಡಿ, ಅಂದಾಜು ಬೇಡ. ಜಾಸ್ತಿ ಇಳಿಸಿದರೆ ಮಿಷನ್ ಮರವನ್ನು ಕಚ್ಚಿ ಎಳೆಯುತ್ತದೆ, ಕೈ ಜಗ್ಗುತ್ತದೆ.

ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಾನೆ, ಅವನು ಒಂದು ಸಂಗತಿ ಹೇಳಿದ. ಈಗಿನ ಚೈನಿನ ಹಲ್ಲಿನ ಆಕಾರ ಬಂದಿದ್ದು ಒಂದು ಹುಳದಿಂದಂತೆ. ಅಮೆರಿಕದ ಒರೆಗಾನ್‌ನಲ್ಲಿ ಜೋಸೆಫ್ ಕಾಕ್ಸ್ ಅಂತ ಒಬ್ಬ ಮರ ಕಡಿಯುವವ. 1946ರಲ್ಲಿ ಅವನು ಕೊರಡೊಳಗೆ ಮರ ತಿನ್ನುವ ದುಂಬಿಯ ಮರಿಹುಳ ನೋಡಿದ. ಅದು ಎಡಕ್ಕೊಮ್ಮೆ ಬಲಕ್ಕೊಮ್ಮೆ ದವಡೆ ಆಡಿಸಿ ಎಂಥ ಮರವನ್ನೂ ಕೊರೆದುಕೊಂಡು ಹೋಗುವುದನ್ನು ಕಂಡು ಅದೇ ತರಹದ ಹಲ್ಲು ಮಾಡಿದ, 1947ರಲ್ಲಿ ಚೈನಿನ ಕಂಪನಿಯನ್ನೇ ತೆರೆದ. ಜಗಲಿಯಲ್ಲಿ ಇದನ್ನು ಹೇಳಿದಾಗ ಕೊಪ್ಪದ ಕಡೆ ಕಾಫಿ ತೋಟ ಇರುವ ನಮ್ಮ ಷಡ್ಡಕರು ಕಾಂಡಕೊರಕ ಹುಳದಿಂದ ಅರೇಬಿಕಾ ಕಾಫಿ ಗಿಡ ಕಳೆದುಕೊಂಡು ಕೂತಿದ್ದರು. "ಅವ್ನು ಹುಳ ನೋಡಿ ಕಂಪನಿ ಮಾಡ್ದ, ನಾವು ಹುಳ ನೋಡಿ ಗಿಡ ಕಿತ್ತು ಸುಟ್ವಿ" ಅಂದರು. ಆ ದಿನ ಕೆಲಸ ಸರಿಯಾಗಿ ಸಾಗಲಿಲ್ಲ, ನಕ್ಕಿದ್ದೇ ಜಾಸ್ತಿ.

ಹೀಗೆ ಮಾರ್ಚ್, ಏಪ್ರಿಲ್‌ನ ಭಾನುವಾರಗಳಲ್ಲಿ ನಮ್ಮದೊಂದು ಗುಂಪು ಆಗಿಹೋಗಿದೆ. ಹಿಂದೆ ನೆಟ್ಟಿಗೆ, ಕೊಯ್ಲಿಗೆ ಮುಯ್ಯಾಳು ಇತ್ತಲ್ಲ, ಈಗ ಸೌದೆಗೆ. ಒಂದು ವಾರ ನಮ್ಮನೆ, ಮುಂದಿನ ವಾರ ಕೆಳಮನೆ. ನನ್ನದೊಂದು ಮಿಷನ್, ಕೆಳಮನೆ ಭಾವನದ್ದೊಂದು ಅಗ್ಗದ ಮಿಷನ್, ಒಬ್ಬರದ್ದು ಟ್ರ್ಯಾಕ್ಟರ್. ಮಿಷನ್ ಇಲ್ಲದವರು ಕೊಡಲಿ ಹಿಡಿದು ಸೀಳುತ್ತಾರೆ, ಹುಡುಗರು ಕೊಟ್ಟಿಗೆಯಲ್ಲಿ ಒಟ್ಟುತ್ತಾರೆ. ಯಾರ ಮನೆಯ ಸೌದೆಯೋ ಅವರ ಮನೆಯಲ್ಲಿ ಕಡುಬು. ಭಾವನ ಮಿಷನಿಗೂ ನನ್ನದಕ್ಕೂ ಯಾವಾಗಲೂ ಪೈಪೋಟಿ. ಬೇಜಾರಿನ ವಿಷಯ ಏನಂದರೆ, ಅಜ್ಜಯ್ಯ ಅರ ಹಾಕಿದ ಮೇಲೆ ಭಾವನ ಅಗ್ಗದ ಮಿಷನ್ ನನ್ನ ಮಿಷನಿಗೆ ಅಂಥಾ ವ್ಯತ್ಯಾಸವಿಲ್ಲದೆ ಕೊಯ್ಯುತ್ತದೆ. ಕೈಗೆ ನಡುಕ ಮಾತ್ರ ಅದರಲ್ಲಿ ಜಾಸ್ತಿ. ಸಂಜೆ ಭಾವ ಕಾಫಿ ಲೋಟ ಹಿಡಿದಾಗ ಗೊತ್ತಾಗುತ್ತದೆ.

ಇಲ್ಲಿಯವರೆಗೆ ಖುಷಿಯಿಂದ ಬರೆದೆ. ಈಗ ಹೊಟ್ಟೆಯುರಿ.

ಹೋದ ಮಳೆಗಾಲಕ್ಕೆ ಮುಂಚೆ ಮಿಷನ್ ಶುರುವಾಗಿ ಎರಡು ನಿಮಿಷಕ್ಕೆ ನಿಂತುಹೋಗುತ್ತಿತ್ತು. ಜಿಲ್ಲಾ ಕೇಂದ್ರದ ಸರ್ವಿಸ್ ಅಂಗಡಿಗೆ ಕೊಟ್ಟೆ. ಪಾರ್ಟ್ ಬರಬೇಕು, ಹುಡುಗ ರಜೆ, ಮುಂದಿನ ವಾರ. ಮಿಷನ್ ಕೈಗೆ ಬಂದಾಗ ತೋಟದಲ್ಲಿ ಔಷಧಿ ಹೊಡೆಯುವ ಕೆಲಸ ಶುರುವಾಗಿತ್ತು. ಕಾರ್ಬೊರೇಟರ್ ಒಳಗಿನ ರಬ್ಬರ್ ಪದರ ಗಟ್ಟಿಯಾಗಿದೆ, ಪೆಟ್ರೋಲ್ ಪೈಪ್ ಹಾಳಾಗಿದೆ, ಇದು ವಾರಂಟಿಗೆ ಬರಲ್ಲ, ನಿಮ್ಮ ಪೆಟ್ರೋಲ್ ಸರಿ ಇಲ್ಲ ಅಂತ ಬಿಲ್ ಕೈಗಿಟ್ಟರು. ನನ್ನ ಪೆಟ್ರೋಲ್ ಏನು ನಾನು ಮನೆಯಲ್ಲಿ ಮಾಡಿದ್ದೇ? ಬಂಕಿನಲ್ಲಿ ಸಿಗುವುದೇ ಈಗ 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ತೇವಕ್ಕೇನು ಕಡಿಮೆ? ನೀರು ಜಾಸ್ತಿ ಸೇರಿದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ರಬ್ಬರಿಗೂ ಪೆಟ್ಟು. ಇದನ್ನೆಲ್ಲ ಮಿಷನ್ ಮಾರುವ ದಿನ ಹೇಳಬೇಕಿತ್ತು ಅಲ್ವಾ? ಸೀಲ್ ಹಾಕೋಕೆ ಸಮಯ ಇತ್ತು, ಇದನ್ನು ಹೇಳೋಕೆ ಇರಲಿಲ್ಲ.

ಹಾಗಾಗಿ ಈಗ ನನ್ನ ಪದ್ಧತಿ ಇಷ್ಟು. ಆ ದಿನಕ್ಕೆ ಬೇಕಾದಷ್ಟೇ ಬೆರೆಸುವುದು. ಕಂಪನಿ ಹೇಳಿದ 2ಟಿ (ಟು-ಸ್ಟ್ರೋಕ್) ಆಯಿಲ್ ಲೀಟರ್ ಪೆಟ್ರೋಲಿಗೆ 20 ಎಂ.ಎಲ್., ಅಂದರೆ 50ಕ್ಕೆ 1. ನಿಮ್ಮ ಮಿಷನಿನ ಪುಸ್ತಕದಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ನಂಬಿ. ಭಾವನದ್ದಕ್ಕೆ 25ಕ್ಕೆ 1. ಸೀಸನ್ ಮುಗಿದ ಮೇಲೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ, ಚೈನಿಗೆ ಆಯಿಲ್ ಹಚ್ಚಿ ಅಟ್ಟಕ್ಕೆ. ಚೈನ್ ಆಯಿಲ್ ಬದಲು ಬೈಕಿನ ವೇಸ್ಟ್ ಆಯಿಲ್ ಹಾಕುವವರಿದ್ದಾರೆ, ಉಳಿತಾಯ ಆಗುತ್ತದೆ ನಿಜ, ಆದರೆ ಅದರಲ್ಲಿರುವ ಕಸ ಆಯಿಲ್ ಪಂಪಿಗೆ ಹೋಗುತ್ತದೆ, ಕೈಯೂ ಬಟ್ಟೆಯೂ ಮಸಿ. ನಾನಂತೂ ಹಾಕಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ಮಾತು. ಸತ್ತ ಅಡಿಕೆ ಮರವನ್ನು ಒಳ್ಳೆ ಚೈನಿನಲ್ಲಿ ಕೊಯ್ಯಬೇಡಿ. ನೋಡೋಕೆ ಸಣ್ಣ ಮರ, ಆದರೆ ಹೊರಗಿನ ಸಿಪ್ಪೆಯಲ್ಲಿ ಮರಳಿನ ಅಂಶ ಇರುತ್ತದೆ, ಹಲ್ಲು ಬೇಗ ಹೋಗುತ್ತದೆ. ನಾರು ಸೇರಿ ಸೇರಿ ಚೈನಿನ ಮುಚ್ಚಳದೊಳಗೆ ಗೂಡು ಕಟ್ಟುತ್ತದೆ. ತೆಂಗಿನ ಮರವೂ ಹಾಗೇ. ಅದಕ್ಕೆ ಅಂತಲೇ ಒಂದು ಹಳೆ ಚೈನ್ ಇಟ್ಟುಕೊಳ್ಳಿ. ಬೇಲಿ ಸಾಲಿನ ಮರವಾದರೆ ಮೊದಲು ಕತ್ತಿಯಲ್ಲಿ ಸಿಪ್ಪೆ ಕೆತ್ತಿ ನೋಡಿ, ಒಳಗೆ ಮುಳ್ಳುತಂತಿ ಸೇರಿಕೊಂಡಿರುತ್ತದೆ. ಲುಂಗಿ, ಪಂಚೆ ಉಟ್ಟು ಮಿಷನ್ ಹಿಡಿಯುವವರನ್ನು ನಮ್ಮ ಗುಂಪಿಗೆ ಸೇರಿಸುವುದಿಲ್ಲ, ಎಷ್ಟೇ ಹಿರಿಯರಾದರೂ. ಬಾರಿನ ತುದಿಯ ಮೇಲ್ಭಾಗ ಯಾವುದಕ್ಕಾದರೂ ತಾಗಿದರೆ ಮಿಷನ್ ಕಣ್ಣು ಮಿಟುಕಿಸುವುದರೊಳಗೆ ಮುಖದ ಕಡೆ ಹಾರುತ್ತದೆ, ಹಿಡಿಯ ಮುಂದಿರುವ ಚೈನ್ ಬ್ರೇಕ್ ಕೆಲಸ ಮಾಡುತ್ತಿದೆಯೇ ಅಂತ ದಿನಾ ನೋಡಿಕೊಳ್ಳಿ. ಮತ್ತೆ ನಮ್ಮದೇ ಜಮೀನು ಅಂತ ನಿಂತ ಮರಕ್ಕೆಲ್ಲ ಮಿಷನ್ ಇಡೋ ಹಾಗಿಲ್ಲ. 1976ರ ಮರ ಸಂರಕ್ಷಣೆ ಕಾಯ್ದೆ ಇದೆ. ಸಿಲ್ವರ್ ಓಕ್, ನೀಲಗಿರಿಯಂಥ ಕೆಲವು ಬಿಟ್ಟು ಉಳಿದದ್ದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು.

ಮಿಷನಿಗೆ ಐದಕ್ಕೆ ನಾಲ್ಕು ಸ್ಟಾರ್, ಸರ್ವಿಸ್ ಅಂಗಡಿಗೆ ಒಂದು. ವರ್ಷಕ್ಕೆ ಒಂದೆರಡು ದಿನದ ಕೆಲಸ ಇರುವವರು ಇಷ್ಟು ದುಡ್ಡು ಹಾಕಬೇಡಿ, ಬಾಡಿಗೆಯವರನ್ನೇ ಜನವರಿಯಲ್ಲಿ ಬುಕ್ ಮಾಡಿ. ಅಡಿಕೆ ಬೇಯಿಸುವವರು, ಆಲೆಮನೆ ಇರುವವರು ತಗೊಳ್ಳಿ, ಆದರೆ ಮಿಷನಿನ ಜೊತೆ ಅದೇ ದಿನ ಅರವನ್ನೂ ತಗೊಳ್ಳಿ. ಅಳತೆ ಚೈನಿನ ಮೇಲೆ ಹೋಗುತ್ತದೆ. ನನ್ನದು .325 ಚೈನು (ಕೊಂಡಿಗಳ ಅಂತರದ ಅಳತೆ, ಇಂಚಿನಲ್ಲಿ), ಅದಕ್ಕೆ 4.8 ಎಂ.ಎಂ. ದುಂಡು ಅರ. 3/8 ದೊಡ್ಡ ಚೈನಾದರೆ ಕಂಪನಿ ನೋಡಿಕೊಂಡು 5.2 ಇಲ್ಲವೇ 5.5, ಸಣ್ಣ ಮಿಷನಿನ ತೆಳು ಚೈನಿಗೆ 4. ಅರವೂ ಸವೆಯುತ್ತದೆ, ಸವೆದದ್ದು ಹಲ್ಲಿನ ಮೇಲೆ ಸುಮ್ನೆ ಜಾರುತ್ತದೆ, ಅದಕ್ಕೆ ಒಂದಲ್ಲ, ಮೂರ್ನಾಲ್ಕು ಒಟ್ಟಿಗೆ ತನ್ನಿ. ಹಿಡಿ ಇಲ್ಲದ ಅರ ಅಂಗೈಗೆ ಚುಚ್ಚುತ್ತದೆ, ಒಂದು ಮರದ ಹಿಡಿಯನ್ನೂ ಮರೆಯಬೇಡಿ.